ಎಂಟರಲ್ಲಿ ಎರಡು ಸೋತರೆ

ಮಕ್ಕಳೇ, ಮೈಸೂರಿನ ಮೃಗಾಲಯಕ್ಕೋ ಬೆಂಗಳೂರಿನ ಲಾಲ್‌ಬಾಗಿಗೋ ಹೋದಾಗ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಲ್ಲುವ ಬ್ಯಾಟರಿ ಗಾಡಿಯನ್ನು ನೀವು ನೋಡಿರುತ್ತೀರಿ. ಗಾಲ್ಫ್ ಆಡುವವರು ಚೆಂಡಿನ ಹಿಂದೆ ಮೈದಾನವೆಲ್ಲ ಸುತ್ತಲು ಬಳಸುವ ಗಾಲ್ಫ್ ಕಾರ್ಟಿನ ಸಂಬಂಧಿ ಅದು. ನಮ್ಮ ಕಡೆ ಗಾಲ್ಫ್ ಕೋಲನ್ನು ಕೈಯಲ್ಲೂ ಹಿಡಿಯದ ಅಜ್ಜ ಅಜ್ಜಿಯರೇ ಅದರಲ್ಲಿ ಹೆಚ್ಚು ಓಡಾಡುವುದು.

ನಾನಿರುವ ಹಿರಿಯರ ಬಡಾವಣೆಯಲ್ಲೂ ಅಂಥದೊಂದಿದೆ. ಆರು ಸೀಟಿನ ಗಾಡಿ. ಬೆಳಿಗ್ಗೆ ಗೇಟಿನಿಂದ ಕ್ಲಿನಿಕ್ಕಿಗೆ, ಮಧ್ಯಾಹ್ನ ಮನೆಗಳಿಂದ ಊಟದ ಹಾಲಿಗೆ. ಹಾಲ್ ಇರುವುದು ಒಂದು ಸಣ್ಣ ಏರಿನ ಮೇಲೆ. ಕಾಲು ಗಟ್ಟಿ ಇರುವವರಿಗೆ ಅದು ಏರೇ ಅಲ್ಲ. ವಾಕರ್ ಹಿಡಿದವರಿಗೆ ಚಾಮುಂಡಿ ಬೆಟ್ಟ. ಹೋದ ಮಳೆಗಾಲದಲ್ಲಿ ಗಾಡಿ ಆ ಏರಿನ ನಡುವೆ ನಿಂತುಬಿಡಲು ಶುರುಮಾಡಿತು. ನಾಲ್ಕು ಮನೆಗಳಿಗೆ ಊಟ ಕ್ಯಾರಿಯರ್‌ನಲ್ಲಿ ಹೋಗತೊಡಗಿತು. ಊಟವೇನೋ ಬಿಸಿಯಾಗಿಯೇ ಹೋಗುತ್ತಿತ್ತು. ಆದರೆ ದಿನಾ ಹಾಲಿನಲ್ಲಿ ಕೂತು ನನ್ನ ಜೊತೆ ಪದಬಂಧ ತುಂಬುತ್ತಿದ್ದ ಕೊನೆಯ ಮನೆಯ ಅಜ್ಜಿ, ಮೂರು ವಾರ ಆ ಕ್ಯಾರಿಯರ್ ತರುವ ಹುಡುಗನ ಮುಖವೊಂದನ್ನೇ ನೋಡಿದರು.

ಮೆಕ್ಯಾನಿಕ್ ಬಂದು, ಎಂಟು ಬ್ಯಾಟರಿಯಲ್ಲಿ ಎರಡು ಹೋಗಿವೆ ಅಂದ. ನಮ್ಮ ಖಜಾಂಚಿಯವರಿಗೆ ಸಮಾಧಾನವಾಯಿತು. “ಎರಡು ತಾನೇ ಸ್ವಾಮಿ, ಎರಡು ಹಾಕಿಸಿದರಾಯಿತು” ಅಂದರು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಹೊಲಿಗೆ ಬಿಚ್ಚಿದ್ದು ಒಂದು ಕಡೆಯಾದರೆ ಇಡೀ ಅಂಗಿ ಎಸೆಯುತ್ತೇವೆಯೇ? ಆದರೆ ಬ್ಯಾಟರಿಯ ಲೆಕ್ಕ ಅಂಗಿಯ ಲೆಕ್ಕವಲ್ಲ. ಏಕೆಂದು ತಿಳಿಯಬೇಕಾದರೆ ಸೀಟು ಎತ್ತಿ ನೋಡಬೇಕು.

ದಸರಾ ರಜೆಗೆ ಬಂದಿದ್ದ ನನ್ನ ಮೊಮ್ಮಗಳು ಏಳನೇ ಕ್ಲಾಸು. ಅವಳಿಗೆ ಒಂದು ಕೆಲಸ ಕೊಟ್ಟೆ: ಕೈ ಹಿಂದೆ ಕಟ್ಟಿಕೊಂಡು ಮುಚ್ಚಳ ಎಣಿಸು. ಒಂದೊಂದು ಬ್ಯಾಟರಿಯ ತಲೆಯ ಮೇಲೆ ಮೂರು ಮುಚ್ಚಳ, ಎಂಟು ಬ್ಯಾಟರಿಗೆ 24. ಒಂದು ಮುಚ್ಚಳದ ಕೆಳಗೆ ಒಂದು ಕೋಶ. ಅದರಲ್ಲಿ ಸೀಸದ ತಟ್ಟೆಗಳು, ನೀರು ಬೆರೆಸಿದ ಗಂಧಕಾಮ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಏರ್ಪಾಡು ಇವತ್ತಿಗೂ ಹೆಚ್ಚುಕಡಿಮೆ ಅದೇ. ಒಂದು ಕೋಶ ಕೊಡುವುದು ಸುಮಾರು 2 ವೋಲ್ಟ್. ಮೂರು ಕೋಶ ಸೇರಿ 6, ಎಂಟು ಬ್ಯಾಟರಿ ಸೇರಿ 48. ಕೆಲವು ಗಾಡಿಗಳಲ್ಲಿ 8 ವೋಲ್ಟಿನ ಆರು ಬ್ಯಾಟರಿ ಇರುತ್ತವೆ, ಕೆಲವದರಲ್ಲಿ 12 ವೋಲ್ಟಿನ ನಾಲ್ಕು. ಹೇಗೆ ಎಣಿಸಿದರೂ 48 ವೋಲ್ಟಿನ ಗಾಡಿಯಲ್ಲಿ ಮುಚ್ಚಳ 24 ಬರಲೇಬೇಕು. “ಹಾಗಾದರೆ 18 ಮುಚ್ಚಳ ಇದ್ದರೆ 36 ವೋಲ್ಟಾ ತಾತ?” ಅಂದಳು. ಹೌದು, ಅಂಥ ಗಾಡಿಗಳೂ ಇವೆ.

ಈ ಎಂಟನ್ನು ಜೋಡಿಸಿರುವುದು ಸರಣಿಯಲ್ಲಿ. ಒಂದರ ಪ್ಲಸ್ಸಿನಿಂದ ಮುಂದಿನದರ ಮೈನಸ್ಸಿಗೆ ದಪ್ಪ ತಂತಿ, ಅದರ ಪ್ಲಸ್ಸಿನಿಂದ ಅದರಾಚೆಯದರ ಮೈನಸ್ಸಿಗೆ, ಹೀಗೆ ಏಳು ಕೊಂಡಿ. ಕೊನೆಗೆ ಎರಡು ತುದಿ ಉಳಿಯುತ್ತವೆ: ಮೊದಲನೆಯದರ ಮೈನಸ್, ಎಂಟನೆಯದರ ಪ್ಲಸ್. ಆ ಎರಡು ಮೋಟಾರಿನ ಕಡೆಗೆ ಹೋಗುತ್ತವೆ. ಸರಣಿಯಲ್ಲಿ ವೋಲ್ಟ್ ಕೂಡುತ್ತಾ ಹೋಗುತ್ತದೆ, ಆದರೆ ಹರಿಯುವ ಕರೆಂಟು ಎಂಟರಲ್ಲೂ ಒಂದೇ. ಒಂದರೊಳಗಿಂದ ಹಾದು ಬಂದದ್ದೇ ಇನ್ನೊಂದರೊಳಗೆ ಹೋಗಬೇಕು. ಪಕ್ಕದ ದಾರಿ ಇಲ್ಲ.

ಕಷ್ಟ ಇರುವುದು ಇಲ್ಲಿಯೇ. ಎಂಟರಲ್ಲಿ ಒಂದು ನಿತ್ರಾಣವಾಗಿದ್ದರೆ ಅದರ ಗಂಟು ಎಲ್ಲರಿಗಿಂತ ಮೊದಲು ಖಾಲಿಯಾಗುತ್ತದೆ. ಖಾಲಿಯಾಯಿತೆಂದು ಉಳಿದವು ನಿಲ್ಲುವುದಿಲ್ಲ, ಅದರೊಳಗಿಂದಲೇ ಕರೆಂಟು ನೂಕುತ್ತವೆ. ಆಗ ದುರ್ಬಲ ಕೋಶದ ಪ್ಲಸ್ಸು ಮೈನಸ್ಸು ಅದಲುಬದಲಾಗುವುದೂ ಉಂಟು. ಹಾಗಾದರೆ ಅದರ ಕತೆ ಮುಗಿಯಿತು.

ಈಗ ಹಳೆಯ ಆರರ ನಡುವೆ ಹೊಸ ಎರಡನ್ನು ಇಟ್ಟರೆ ಏನಾಗುತ್ತದೆ? ಮುದಿ ಎತ್ತಿನ ಜೊತೆ ಹೋರಿಯನ್ನು ನೊಗಕ್ಕೆ ಕಟ್ಟಿದ ಹಾಗೆ. ಗಾಡಿಯ ಚಾರ್ಜರ್ ನೋಡುವುದು ಒಟ್ಟು ವೋಲ್ಟನ್ನು ಮಾತ್ರ, ಯಾರಿಗೆ ಎಷ್ಟು ತುಂಬಿದೆ ಎಂದು ಅದು ಕೇಳುವುದಿಲ್ಲ. ಕೆಲವಕ್ಕೆ ಅತಿಯಾಗಿ ತುಂಬಿ ನೀರು ಆವಿಯಾಗುತ್ತದೆ, ಕೆಲವು ಅರೆಹೊಟ್ಟೆಯಲ್ಲೇ ಉಳಿಯುತ್ತವೆ. ಹೊಸ ಎರಡೂ ಬೇಗ ಹಳೆಯವರ ಸಾಲಿಗೆ ಸೇರುತ್ತವೆ. ಅಷ್ಟರಲ್ಲಿ ಆರರಲ್ಲಿ ಇನ್ನೊಂದು ಮಲಗುತ್ತದೆ. ನಮ್ಮವಕ್ಕೆ ಆಗಲೇ ಐದು ವರ್ಷ ಹತ್ತಿರವಾಗಿತ್ತು. ಎಂಟೂ ಹೊಸತಾಗಬೇಕು, ಒಂದೇ ಕಂಪನಿಯದು, ಒಂದೇ ಮಾದರಿ, ತಯಾರಾದ ತಿಂಗಳೂ ಆದಷ್ಟು ಒಂದೇ ಇರಬೇಕು ಎಂದು ನಾನು ಸಭೆಯಲ್ಲಿ ಹೇಳಿದೆ. ಇದಕ್ಕೆ ಒಂದು ವಿನಾಯಿತಿ ಇದೆ. ಸೆಟ್ಟು ಹಾಕಿಸಿ ಕೆಲವೇ ತಿಂಗಳಾಗಿ ಒಂದು ಕೆಟ್ಟರೆ, ಗ್ಯಾರಂಟಿಯಲ್ಲಿ ಆ ಒಂದನ್ನೇ ಬದಲಾಯಿಸಬಹುದು. ಉಳಿದವೂ ಎಳೆಯವೇ ತಾನೇ.

ಕೆಟ್ಟದ್ದು ಯಾವುದೆಂದು ಹಿಡಿಯುವುದೂ ಒಂದು ಜಾಣತನ. ನಿಂತ ಗಾಡಿಯಲ್ಲಿ ಮಲ್ಟಿಮೀಟರ್ ಇಟ್ಟಾಗ ಎಂಟೂ 6 ವೋಲ್ಟಿನ ಮೇಲೆಯೇ ತೋರಿಸಿದವು. ಸುಮ್ಮನೆ ಕೂತಾಗ ಎಲ್ಲರೂ ಜಾಣರೇ. ಆರು ಜನ ಕೂತು ಏರು ಹತ್ತುವಾಗ ನೋಡಿದರೆ ಆರು ಬ್ಯಾಟರಿ ಸ್ವಲ್ಪ ಇಳಿದು ನಿಂತವು, ಎರಡು 5ಕ್ಕಿಂತ ಕೆಳಗೆ ಜಾರಿದವು. ಇನ್ನೊಂದು ವಿಷಯ, ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿ ಪಡೆದ 48 ವೋಲ್ಟಿನ ಸೀಸದ ಸೆಟ್ಟು ತೋರಿಸುವುದು 48 ಅಲ್ಲ, ಸುಮಾರು 51. ಮೀಟರ್ ಸರಿಯಾಗಿ 48 ತೋರಿಸಿದರೆ ತುಂಬಿದೆ ಎಂದು ಖುಷಿಪಡಬೇಡಿ, ಅರ್ಧ ಖಾಲಿಯಾಗಿದೆ ಎಂದೇ ಅರ್ಥ.

ಸರಿ, ಎಂಟೂ ಕೊಳ್ಳುವುದೆಂದಾಯಿತು. ಯಾವುದನ್ನು? ಒಬ್ಬರು, ಕಾರಿನ ಬ್ಯಾಟರಿ ಅಗ್ಗ, ನಾಲ್ಕು ಇಟ್ಟರೆ 48 ಆಗುತ್ತದಲ್ಲ ಅಂದರು. ಕಾರಿನ ಬ್ಯಾಟರಿಯ ಕೆಲಸ ಎಂಜಿನ್ನನ್ನು ಎಬ್ಬಿಸುವುದು. ಒಂದೆರಡು ಸೆಕೆಂಡು ಜೋರಾಗಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅದರ ತಟ್ಟೆ ತೆಳು. ದಿನಾ ಆಳಕ್ಕೆ ಇಳಿಸಿ ತುಂಬಿದರೆ ಕೆಲವು ತಿಂಗಳೂ ಬಾಳದು. ಮನೆಯ ಇನ್ವರ್ಟರ್ ಬ್ಯಾಟರಿ ಅದಕ್ಕಿಂತ ವಾಸಿ, ಆದರೆ ಅದು ಮೂಲೆಯಲ್ಲಿ ಅಲುಗಾಡದೆ ನಿಂತು ನಿಧಾನವಾಗಿ ಕೊಡುವ ಪ್ರಾಣಿ. ಎತ್ತರವೂ ಹೆಚ್ಚು, ಸೀಟಿನ ಕೆಳಗೆ ಹಿಡಿಯಬೇಕಲ್ಲ! ಗಾಡಿಗೆಂದೇ ಮಾಡಿದ, ದಪ್ಪ ತಟ್ಟೆಯ ಡೀಪ್ ಸೈಕಲ್ ಬ್ಯಾಟರಿಯನ್ನೇ ಕೇಳಬೇಕು.

ಅದರ ಮೈಮೇಲೆ ಆಂಪಿಯರ್ ಅವರ್ ಎಂದು ಒಂದು ಸಂಖ್ಯೆ ಇರುತ್ತದೆ. 225 ಎಂದಿದ್ದರೆ ಪಕ್ಕದಲ್ಲಿ 20 ಗಂಟೆ ಎಂದು ಬರೆದಿದೆಯೇ ನೋಡಿ. ನಿಧಾನವಾಗಿ 20 ಗಂಟೆಯಲ್ಲಿ ತೆಗೆದರೆ 225. ಅದೇ ಬ್ಯಾಟರಿಯಿಂದ 5 ಗಂಟೆಯಲ್ಲಿ ತೆಗೆದರೆ ಸಿಗುವುದು 185ರ ಹತ್ತಿರ. ಅವಧಿಗೆ ಮುಂಚೆ ಠೇವಣಿ ಮುರಿಸಿದರೆ ಬಡ್ಡಿ ಕಡಿಮೆಯಾಗುವುದಿಲ್ಲವೇ, ಹಾಗೆ. ಇಬ್ಬರು ವ್ಯಾಪಾರಿಗಳ ಪಟ್ಟಿಯನ್ನು ಹೋಲಿಸುವಾಗ ಇಬ್ಬರೂ ಒಂದೇ ಗಂಟೆಯ ಲೆಕ್ಕ ಕೊಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಸೇಬಿಗೂ ಸೀಬೆಗೂ ತೂಕ ಹಾಕಿದಂತೆ.

48ನ್ನು 225ರಿಂದ ಗುಣಿಸಿ: 10,800. ಇದನ್ನು ಸಾವಿರದಿಂದ ಭಾಗಿಸಿದರೆ 10.8. ಮನೆಗೆ ಬರುವ ಕರೆಂಟು ಬಿಲ್ಲಿನ ಯೂನಿಟ್ ಇದೇ. ಆದರೆ ಸೀಸದ ಬ್ಯಾಟರಿಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಡಬೇಕು. ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಆಯಸ್ಸು ಕುಗ್ಗುತ್ತದೆ. ಹಾಗಾಗಿ ಕೈಗೆ ಸಿಗುವುದು 5.4 ಯೂನಿಟ್.

ಲಿಥಿಯಂ ಬ್ಯಾಟರಿಯ ಮಾತೂ ಬಂತು. ಗಾಡಿಗೆ ಸೂಕ್ತವಾದದ್ದು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿ. ಬೇರೆ ಲಿಥಿಯಂ ಜಾತಿಗಳಿಗಿಂತ ಇದು ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ 1997ರ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಎನಫ್. ಕೊನೆಯವರಿಗೆ 2019ರಲ್ಲಿ, ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ಇನ್ನಿಬ್ಬರೊಡನೆ ನೊಬೆಲ್ ಬಂತು. ನಡುವಿನ ಹೆಸರು ಓದಿದಾಗ ನಂಜನಗೂಡಿನ ಕಡೆಯ ಕಿವಿಗೆ ಹಿತವೆನಿಸಿತು. ಇದರ ಒಂದು ಕೋಶ 3.2 ವೋಲ್ಟ್, ಹದಿನಾರು ಸೇರಿ 51.2. ಇದನ್ನು ಬಹುಪಾಲು ಖಾಲಿ ಮಾಡಿದರೂ ಬೇಸರಿಸುವುದಿಲ್ಲ. ಆದ್ದರಿಂದ 105 ಆಂಪಿಯರ್ ಅವರಿನ ಒಂದು ಪೆಟ್ಟಿಗೆ ಸೀಸದ 225ರ ಸೆಟ್ಟಿಗೆ ಹತ್ತಿರದ ಕೆಲಸ ಮಾಡುತ್ತದೆ. ಸೀಸದ ಸೆಟ್ಟು ಇನ್ನೂರು ಕೆಜಿ ಮೀರಿದರೆ, ಇದು ಐವತ್ತರ ಆಸುಪಾಸು. ನೀರು ಹಾಕುವ ಕೆಲಸವಿಲ್ಲ. ಆದರೆ ಚಾರ್ಜರ್ ಅದಕ್ಕೆ ತಕ್ಕದ್ದೇ ಬೇಕು. ಅದರೊಳಗಿನ ಕಾವಲು ಸರ್ಕ್ಯೂಟು ಏರಿನಲ್ಲಿ ಮೋಟಾರು ಎಳೆಯುವಷ್ಟು ಕರೆಂಟನ್ನು ಬಿಡುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಇಲ್ಲದಿದ್ದರೆ ಹೊಸ ಗಾಡಿಯೂ ಅದೇ ಏರಿನಲ್ಲಿ ನಿಲ್ಲುತ್ತದೆ.

ದುಡ್ಡಿನ ಲೆಕ್ಕವನ್ನು ಮೊಮ್ಮಗಳ ಕೈಯಲ್ಲೇ ಮಾಡಿಸಿದೆ. ಸೀಸದ ಸೆಟ್ಟಿಗೆ 1 ರೂಪಾಯಿ ಎಂದುಕೊಂಡರೆ, ನಮಗೆ ಬಂದ ದರಪಟ್ಟಿಯಲ್ಲಿ ಲಿಥಿಯಂಗೆ ಚಾರ್ಜರ್ ಸೇರಿ 2 ರೂಪಾಯಿ 20 ಪೈಸೆ. ಸೀಸ ನಾಲ್ಕು ವರ್ಷ ಬಂದರೆ ವರ್ಷಕ್ಕೆ 25 ಪೈಸೆ; ಲಿಥಿಯಂ ಎಂಟು ವರ್ಷ ಬಂದರೆ 27 ಪೈಸೆ ಚಿಲ್ಲರೆ. ಎರಡೂ ಒಂದೇ ಅನ್ನಿ. ಆದರೆ ಸೀಸಕ್ಕೆ ನೀರು ಹಾಕದೆ ಎರಡೇ ವರ್ಷದಲ್ಲಿ ಕೊಂದರೆ? ವರ್ಷಕ್ಕೆ 50 ಪೈಸೆ! ಅಂದರೆ ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ, ತಿಂಗಳಿಗೊಮ್ಮೆ ಬಗ್ಗಿ 24 ಮುಚ್ಚಳ ತೆಗೆಯುವವರು ಯಾರು ಎಂಬುದು. ಯಾರೂ ಇಲ್ಲದ ಕಡೆ ಲಿಥಿಯಂ ಕೊಳ್ಳುವುದೇ ಒಳ್ಳೆಯದು. ನಮ್ಮಲ್ಲಿ ತೋಟದ ಕೆಲಸದವರು ಒಪ್ಪಿದರು, ನಿವೃತ್ತ ಮೇಷ್ಟ್ರೊಬ್ಬರು ರಿಜಿಸ್ಟರ್ ಬರೆಯಲು ಒಪ್ಪಿದರು. ಕೂಡಿಟ್ಟ ನಿಧಿಯೂ ಸೀಸಕ್ಕಷ್ಟೇ ಸಾಲುತ್ತಿತ್ತು. ಸೀಸವೇ ಬಂತು.

ನೀರೆಂದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ನಲ್ಲಿ ನೀರಲ್ಲ, ಆಸಿಡ್ ಅಂತೂ ಅಲ್ಲವೇ ಅಲ್ಲ. ಚಾರ್ಜ್ ಮುಗಿದ ಮೇಲೆ ಹಾಕಬೇಕು. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಹೊರಗೆ ಬರುತ್ತದೆ. ತಟ್ಟೆ ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲು ಹಾಕಬಹುದು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಆದ್ದರಿಂದ ಕಿಟಕಿ ತೆರೆದಿರಲಿ, ಬೀಡಿ ಸೇದುವವರು ದೂರವಿರಲಿ.

ಜೋಡಿಸುವ ದಿನ ಎಲೆಕ್ಟ್ರಿಷಿಯನ್ ಕೆಲಸ ಮಾಡಿದ ರೀತಿ ನನಗೆ ಹಿಡಿಸಿತು. ಮೊದಲು ಕೈಯ ಉಂಗುರ, ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಿದರು. ಹಳೆಯದನ್ನು ಬಿಚ್ಚುವ ಮುಂಚೆ ಮೊಮ್ಮಗಳ ಡ್ರಾಯಿಂಗ್ ಪುಸ್ತಕದಲ್ಲಿ ಎಂಟು ಚೌಕ, ಪ್ಲಸ್ಸು, ಮೈನಸ್ಸು, ಏಳು ಕೊಂಡಿ ಬರೆಸಿದರು. ಮುಖ್ಯ ಮೈನಸ್ ತಂತಿಯನ್ನು ಮೊದಲು ಬಿಚ್ಚಿದರು, ಕೊನೆಗೆ ಜೋಡಿಸಿದರು. ಇಷ್ಟು ಎಚ್ಚರ ಏಕೆ? ಸ್ಪ್ಯಾನರ್ ಜಾರಿ ಪ್ಲಸ್ಸಿಗೂ ಮೈನಸ್ಸಿಗೂ ಒಟ್ಟಿಗೆ ತಗುಲಿದರೆ ಅದು ಕೆಂಪಗೆ ಕಾದು ಅಲ್ಲೇ ಬೆಸೆದುಕೊಳ್ಳಬಹುದು. ಮನೆಯ ಮಿಕ್ಸಿ ಎಳೆಯುವುದು ಎರಡು ಮೂರು ಆಂಪಿಯರ್. ಈ ಗಾಡಿ ಏರಿನಲ್ಲಿ ನೂರು ದಾಟುತ್ತದೆ. ತಂತಿ ತೆಳುವಾದರೆ, ನಟ್ಟು ಸಡಿಲವಾದರೆ, ಅಲ್ಲಿ ಸೀಸದ ಕಂಬವೇ ಕರಗುತ್ತದೆ. ಹಸಿರು ಬಿಳಿ ಪುಡಿ ಹಿಡಿದ ತಂತಿಗಳನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಹಳಸಿದ ಎರಡನ್ನು ಬದಲಾಯಿಸಿದರು.

ಮುಖ್ಯ ತಂತಿ ಜೋಡಿಸುವ ಮುಂಚೆ ಎರಡು ತುದಿಗೆ ಮೀಟರ್ ಇಟ್ಟು ನೋಡಿದರು: 50ರ ಮೇಲಿತ್ತು. “36 ಬಂದಿದ್ದರೆ ಏನು ತಪ್ಪಾಗಿರುತ್ತಿತ್ತು ಹೇಳು ಪುಟ್ಟಿ” ಅಂದರು. ಅವಳು ಸ್ವಲ್ಪ ಹೊತ್ತು ಚಿತ್ರ ನೋಡಿ, ಒಂದು ಬ್ಯಾಟರಿ ತಿರುವುಮುರುವು ಕೂತಿರುತ್ತಿತ್ತು ಅಂದಳು. ಏಳರ 42ರಲ್ಲಿ ತಿರುಗಿದ್ದರ 6 ಕಳೆದರೆ 36.

ಹಳೆಯ ಎಂಟನ್ನು ಅಂಗಡಿಯವರೇ ವಾಪಸು ತೆಗೆದುಕೊಂಡು ಬಿಲ್ಲಿನಲ್ಲಿ ಮುರಿದುಕೊಟ್ಟರು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಹಳೆಯವನ್ನು ಮರಳಿ ಸಂಗ್ರಹಿಸಬೇಕೆಂದೇ ಹೇಳುತ್ತವೆ. ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಡುತ್ತೇನೆಂದರೂ ಕೊಡಬೇಡಿ. ಅವನು ಆಸಿಡ್ಡನ್ನು ಚರಂಡಿಗೆ ಸುರಿದು ಸೀಸ ಕರಗಿಸಿದರೆ, ಆ ವಿಷ ಮೊದಲು ಮುಟ್ಟುವುದು ಅಲ್ಲಿ ಆಡುವ ಮಕ್ಕಳನ್ನು.

ಮುಂದಿನ ವಾರದವರೆಗೆ ನಿಮಗೊಂದು ಲೆಕ್ಕ. 6 ವೋಲ್ಟಿನ, 225 ಆಂಪಿಯರ್ ಅವರಿನ ಇದೇ ಎಂಟು ಬ್ಯಾಟರಿಗಳನ್ನು ನಾಲ್ಕು ನಾಲ್ಕರ ಎರಡು ಸರಣಿ ಮಾಡಿ, ಆ ಎರಡು ಸಾಲನ್ನು ಸಮಾಂತರವಾಗಿ ಜೋಡಿಸಿದರೆ ತುದಿಯಲ್ಲಿ ಎಷ್ಟು ವೋಲ್ಟ್ ಬರುತ್ತದೆ? ಎಷ್ಟು ಆಂಪಿಯರ್ ಅವರ್? ಒಟ್ಟು ಯೂನಿಟ್ ಹೆಚ್ಚಾಯಿತೋ, ಕಡಿಮೆಯಾಯಿತೋ? ತಾತ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರ ಬರೆದು ಉತ್ತರ ಕಳುಹಿಸಿ.