ಬಿಟ್ಟುಬಂದ ಹಣ ಯಾರ ಪಾಲು?

ಕೂಲಿ ಸಾಲದೆಂದು ದೂರುವ ಜನರೇ ತಮಗೆ ಬರಬೇಕಾದ ಹಣವನ್ನು ಬಿಟ್ಟು ಎದ್ದುಬಂದರೆ ಯಾರಿಗೆ ತಾನೆ ಬೇಸರವಾಗದು? ಮೈಸೂರು ರಸ್ತೆ, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಕೆಂಗೇರಿ ಕಡೆಯ ಗಾರ್ಮೆಂಟ್ಸ್ ಕೆಲಸಗಾರರಲ್ಲಿ ಇದನ್ನು ನಾವು ಕಾಣುತ್ತಲೇ ಇದ್ದೇವೆ. ಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ, ಮೂರು ನಾಲ್ಕು ವರುಷ ದುಡಿದ ಹೆಣ್ಣುಮಕ್ಕಳು ರಾಜೀನಾಮೆ ಬರೆದುಕೊಟ್ಟು, ಪಿ.ಎಫ್. ಹಣ ಬಿಡಿಸಿಕೊಂಡು, ಇನ್ನೊಂದು ಕಾರ್ಖಾನೆಯ ಗೇಟಿನಲ್ಲಿ ಹೊಸಬರಾಗಿ ನಿಲ್ಲುತ್ತಾರೆ. ಇನ್ನೊಂದೆರಡು ವರುಷ ತಡೆದಿದ್ದರೆ ಸಿಗುತ್ತಿದ್ದ ಗ್ರಾಚ್ಯುಯಿಟಿ ಅಲ್ಲಿಗೆ ಮುಗಿಯಿತು.

ಲೆಕ್ಕ ಕಷ್ಟದ್ದಲ್ಲ. ಒಂದೇ ಕಡೆ ಎಡೆಬಿಡದೆ ಐದು ವರುಷ ದುಡಿದವರಿಗೆ ವರುಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಯಿಟಿ ಕೊಡಬೇಕೆಂದು 1972ರ ಕಾಯಿದೆ ವಿಧಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಖಾಯಂ ಕೆಲಸಗಾರರಿಗೆ ಅದೇ ನಿಯಮವನ್ನು ಉಳಿಸಿಕೊಂಡಿದೆ. ಗೊತ್ತಾದ ಅವಧಿಗೆಂದು ಸೇರಿದವರಿಗೆ ಒಂದು ವರುಷ ಸಾಕು. ತಿಂಗಳಿಗೆ 13,000 ರೂಪಾಯಿ ಸಂಬಳವೆಂದು ಹಿಡಿಯಿರಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500. ಹದಿನೈದು ದಿನಕ್ಕೆ 7,500. ಐದು ವರುಷಕ್ಕೆ 37,500. ನಾಲ್ಕನೆಯ ವರುಷ ಬಿಟ್ಟ ಖಾಯಂ ಕೆಲಸಗಾರಳಿಗೆ ಬಿಡಿಗಾಸೂ ಇಲ್ಲ. ಪಿಂಚಣಿಯ ಕಥೆಯೂ ಹೀಗೆಯೇ. ಹತ್ತು ವರುಷದ ಸೇವೆ ಕೂಡಿದರೆ ಮುಪ್ಪಿನಲ್ಲಿ ಪಿಂಚಣಿ. ನಡುವೆ ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಮತ್ತೆ ಸೊನ್ನೆಯಿಂದ ಎಣಿಕೆ.

ಹಾಗಾದರೆ ಈ ಹಣ ಯಾರ ಪಾಲಾಯಿತು? ಕೊಡಬೇಕಾದದ್ದು ತಪ್ಪಿದ ಮಾಲೀಕನ ಪಾಲು. ಹಳಬಳು ಹೋಗಿ ಹೊಸಬಳು ಬಂದಷ್ಟೂ ಅವನಿಗೆ ಆದಾಯ.

“ಈ ಜನಕ್ಕೆ ಬುದ್ಧಿಯಿಲ್ಲ” ಎಂದು ಹೇಳುವವರು ಹಲವರಿದ್ದಾರೆ. ಬೇಸರದಲ್ಲಿ ಹಾಗೆ ಅನ್ನಿಸುವುದು ಸಹಜ. ಆದರೆ ಆ ಮಾತನ್ನು ನಾವು ಒಪ್ಪಲಾರೆವು. ಮಗುವಿನ ಫೀಜಿಗೆ, ತಂಗಿಯ ಮದುವೆಗೆ ಕೆಲಸದಲ್ಲಿದ್ದುಕೊಂಡೇ ಪಿ.ಎಫ್. ತೆಗೆಯಬೇಕಾದರೆ ಏಳು ವರುಷ ತುಂಬಿರಬೇಕೆಂಬ ನಿಯಮವಿತ್ತು. ಕೆಲಸ ಬಿಟ್ಟವಳಿಗಾದರೋ ಎರಡು ತಿಂಗಳು ಕಾದರೆ ಹಣ ಬರುತ್ತಿತ್ತು. ದುಡಿಯುವವಳ ಪೆಟ್ಟಿಗೆಗೆ ಬೀಗ, ಬಿಟ್ಟವಳ ಕೈಗೆ ಬೀಗದ ಕೈ! ಮೀಟರ್ ಬಡ್ಡಿಯವನು ಬಾಗಿಲಲ್ಲಿ ನಿಂತಾಗ ಯಾವ ತಾಯಿ ಐದನೆಯ ವರುಷಕ್ಕಾಗಿ ಕಾದಾಳು?

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಮಾಲೀಕರು ಕಟ್ಟಿದ ಪಾಲನ್ನು 58 ವರುಷದವರೆಗೆ ತೆಗೆಯಕೂಡದೆಂದು ಆಜ್ಞೆ ಹೊರಡಿಸಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ಬೀದಿಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆಗಳು ಕಟ್ಟಿಹೋದವು. ಯಾವ ದೊಡ್ಡ ನಾಯಕನೂ ಕರೆ ಕೊಟ್ಟಿರಲಿಲ್ಲ. 19ರಂದೇ ಸರ್ಕಾರ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಹಣದ ಬೆಲೆ ತಿಳಿಯದ ಜನ ಹೀಗೆ ಹೋರಾಡಲಾರರು. ಅವರಿಗೆ ಇಲ್ಲದ್ದು ಬುದ್ಧಿಯಲ್ಲ, ನಾಳೆಯ ಮೇಲಿನ ನಂಬಿಕೆ. ಬಿನ್ನಿ, ಮಿನರ್ವ ಮಿಲ್ಲುಗಳ ಬಾಗಿಲು ಮುಚ್ಚಿದ್ದನ್ನು ಕಂಡ ಈ ಭಾಗದ ಮನೆಗಳಲ್ಲಿ, ಕಾರ್ಖಾನೆ ಐದು ವರುಷ ನಿಂತೀತೆಂದು ಯಾರು ಧೈರ್ಯ ಹೇಳುವರು? ಪ್ರೊಡಕ್ಷನ್ ಒತ್ತಡ, ಸೂಪರ್‌ವೈಸರನ ಬೈಗುಳ ಬೇರೆ.

ಆದರೂ ಬೀಗ ಈಗ ಸಡಿಲಗೊಳ್ಳುವಂತಿದೆ. ಒಂದು ವರುಷದ ಸೇವೆಯಾದವರು ಕೆಲಸ ಬಿಡದೆಯೇ ಪಿ.ಎಫ್.ನ ಒಂದು ಭಾಗವನ್ನು ತೆಗೆಯಬಹುದೆಂದು, ಕಾಲುಭಾಗ ಖಾತೆಯಲ್ಲಿ ಉಳಿದಿರಬೇಕೆಂದು 2025ರ ಅಕ್ಟೋಬರ್ 13ರಂದು ಪಿ.ಎಫ್. ಟ್ರಸ್ಟಿಗಳ ಮಂಡಲಿ ತೀರ್ಮಾನಿಸಿತು. ಕಾಯಿಲೆಗಾದರೆ ಕೆಲಸದಲ್ಲಿದ್ದೇ ಹಣ ತೆಗೆಯುವ ಅವಕಾಶ ಮೊದಲಿಂದಲೂ ಇತ್ತು. ಇದನ್ನು ತಿಳಿಸಬೇಕಾದ ಆಫೀಸು ಬಾಯಿ ಬಿಡದು. ಆ ಕೆಲಸ ಸಂಘಗಳದು.

ಅಂಗಡಿಯ ಬಂಧುಗಳಿಗೂ ಒಂದು ಮಾತು. ಇದು ಕಾರ್ಖಾನೆಯವರ ಚಿಂತೆಯೆಂದು ಸುಮ್ಮನಿರಬೇಡಿ. 37,500 ರೂಪಾಯಿ ಕೆಲಸಗಾರಳ ಕೈಗೆ ಬಂದರೆ ಅದು ಖರ್ಚಾಗುವುದು ನಿಮ್ಮ ದಿನಸಿ, ಬಟ್ಟೆ, ಪಾತ್ರೆ ಅಂಗಡಿಗಳಲ್ಲೇ. ಸಾಲದ ಪುಸ್ತಕದಲ್ಲಿ ಬರೆಸುವ ಗಿರಾಕಿ ಕೆಲಸ ಬಿಡುವೆನೆಂದರೆ, ಎಷ್ಟು ವರುಷವಾಯಿತೆಂದು ಒಂದು ಮಾತು ಕೇಳಿ.

ನಾವು ಕೇಳುವುದು ಇಷ್ಟೆ. ಜೂನ್ ತಿಂಗಳಲ್ಲಿ ಫೀಜಿಗೆಂದು ಬಡ್ಡಿಯಿಲ್ಲದ ಮುಂಗಡವನ್ನು ಕಾರ್ಖಾನೆಗಳು ಕೊಡಲಿ. ಪ್ರತಿಯೊಬ್ಬರಿಗೂ ಸೇವೆಯ ಲೆಕ್ಕ ಬರೆದುಕೊಡಲಿ. ಮೀಟರ್ ಬಡ್ಡಿಯಿಂದ ಬಿಡಿಸುವ ಕೈಸಾಲದ ಸಹಕಾರ ಸಂಘಗಳನ್ನು ಬಡಾವಣೆಗಳಲ್ಲಿ ನಾವೇ ಕಟ್ಟೋಣ. ಅಕ್ಕತಂಗಿಯರೇ, ರಾಜೀನಾಮೆಗೆ ಸಹಿ ಹಾಕುವ ಮುನ್ನ ಸೇರಿದ ದಿನ ನೋಡಿಕೊಳ್ಳಿ, ದಿನ ಎಣಿಸಿ, ತಿಳಿದವರನ್ನು ಕೇಳಿ. ಬೆವರು ಸುರಿಸಿದವರು ನೀವು. ಅದರ ಬೆಲೆಯನ್ನು ಗೇಟಿನ ಒಳಗೆ ಬಿಟ್ಟು ಬರಬೇಡಿ.