ಚಾರ್ಜೂ ಹೊಣೆಯೂ

ಅಮೆರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಲೈಸೆನ್ಸು ಪಡೆದ ದಾದಿಯರಲ್ಲಿ ಎರಡು ಮುಖ್ಯ ದರ್ಜೆಗಳುಂಟು. ಸುಮಾರು ಒಂದು ವರ್ಷ ಕಲಿತು ಪರೀಕ್ಷೆಯಲ್ಲಿ ತೇರ್ಗಡೆಯಾದವರು ಪ್ರಾಕ್ಟಿಕಲ್ ನರ್ಸುಗಳು; ಎರಡರಿಂದ ನಾಲ್ಕು ವರ್ಷ ಓದಿ ಬೇರೊಂದು ಪರೀಕ್ಷೆಯನ್ನು ಮುಗಿಸಿದವರು ರಿಜಿಸ್ಟರ್ಡ್ ನರ್ಸುಗಳು. ಮೊದಲನೆಯವರಿಗೆ ಆಸ್ಪತ್ರೆಯ ವಾರ್ಡಿನ ಚಾರ್ಜು ವಹಿಸಬಹುದೇ ಎಂಬ ವಾದವು ಅಲ್ಲಿ ಬಹುಕಾಲದಿಂದ ನಡೆದಿದೆ. ನಮ್ಮ ನಾಡಿನಲ್ಲಿ ಕಲಿತ ದಾದಿಯರೂ ಆ ದೇಶದಲ್ಲಿ ಸೇವೆಯಲ್ಲಿರುವುದರಿಂದ ಈ ವಾದವು ನಮ್ಮ ವಾಚಕರ ಗಮನಕ್ಕೆ ಬರತಕ್ಕದ್ದೇ ಆಗಿದೆ.

ಇಪ್ಪತ್ತು ವರ್ಷ ವಾರ್ಡಿನಲ್ಲಿ ನುರಿತ ಪ್ರಾಕ್ಟಿಕಲ್ ನರ್ಸಿಗಿಂತ ನಿನ್ನೆ ಪರೀಕ್ಷೆ ಮುಗಿಸಿ ಬಂದವರು ಹೇಗೆ ಮೇಲು? ಈ ಪ್ರಶ್ನೆಯನ್ನು ನಾವು ತಳ್ಳಿಹಾಕಲಾರೆವು. ಆದರೆ ಚಾರ್ಜೆಂದರೆ ಸರದಿಯ ಪಟ್ಟಿ ಬರೆಯುವುದಷ್ಟೇ ಅಲ್ಲ. ರೋಗಿಯ ಸ್ಥಿತಿಯು ಥಟ್ಟನೆ ಕೆಟ್ಟಾಗ ಅದನ್ನು ಅರಿತು, ಶುಶ್ರೂಷೆಯ ಕ್ರಮವನ್ನು ಬದಲಿಸಿ, ಯಾವ ರೋಗಿಯನ್ನು ಯಾರಿಗೆ ಒಪ್ಪಿಸಬೇಕೆಂದು ನಿರ್ಣಯಿಸುವುದೇ ಅದರ ಸಾರ. ಹೆಚ್ಚಿನ ಶಿಕ್ಷಣವಿರುವುದು ಇದಕ್ಕಾಗಿಯೇ. ಮೆಡಿಕೇರ್ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಪ್ರತಿಯೊಬ್ಬ ರೋಗಿಯ ಶುಶ್ರೂಷೆಗೂ ರಿಜಿಸ್ಟರ್ಡ್ ನರ್ಸಿನ ಮೇಲ್ವಿಚಾರಣೆ ಇರತಕ್ಕದ್ದೆಂದು ಅಲ್ಲಿನ ಕೇಂದ್ರ ಸರ್ಕಾರವು ವಿಧಿಸಿದೆ. ಆಸ್ಪತ್ರೆಯ ಮಟ್ಟಿಗೆ ಈ ನಿಯಮವು ಯುಕ್ತವೆಂದೇ ನಮ್ಮ ಅಭಿಪ್ರಾಯ.

ವೃದ್ಧರೂ ದೀರ್ಘರೋಗಿಗಳೂ ವಾಸಿಸುವ ನರ್ಸಿಂಗ್ ಹೋಮುಗಳ ಮಾತು ಬೇರೆ. 1987ರ ಶಾಸನದಂತೆ ಅಲ್ಲಿ ರಿಜಿಸ್ಟರ್ಡ್ ನರ್ಸು ದಿನಕ್ಕೆ 8 ಗಂಟೆ ಇದ್ದರೆ ಸಾಕು; ಉಳಿದ ವೇಳೆ ಪ್ರಾಕ್ಟಿಕಲ್ ನರ್ಸುಗಳೇ ಚಾರ್ಜಿನಲ್ಲಿರಬಹುದು. ಹೀಗೆ ಹೊಣೆ ಹೊತ್ತವರಿಗೆ ದೊರೆತ ಪ್ರತಿಫಲವೇನು? ಓಹಿಯೋ ಸಂಸ್ಥಾನದ ಒಂದು ನರ್ಸಿಂಗ್ ಹೋಮಿನ ಪ್ರಾಕ್ಟಿಕಲ್ ನರ್ಸುಗಳು, ತಮ್ಮ ಕೈಕೆಳಗಿನ ಸಹಾಯಕರಿಗೆ ಕೆಲಸ ಹೇಳುವ ಕಾರಣದಿಂದ ಮೇಲ್ವಿಚಾರಕರೆಂದು ಎಣಿಸಲ್ಪಟ್ಟು, ಕಾರ್ಮಿಕ ಕಾಯಿದೆಯ ರಕ್ಷಣೆಯನ್ನು ಕಳೆದುಕೊಂಡರು. 1994ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಧಣಿಯ ಮುಂದೆ ಆಳು, ಕಾಯಿದೆಯ ಮುಂದೆ ಅಧಿಕಾರಿ! ಇದು ಯಾವ ನ್ಯಾಯ?

ಚಾರ್ಜು ಕೊಡುವ ಆಡಳಿತವು ಅದರೊಡನೆ ತಕ್ಕ ಸಂಬಳವನ್ನೂ, ಕರೆದೊಡನೆ ಒದಗುವ ರಿಜಿಸ್ಟರ್ಡ್ ನರ್ಸಿನ ನೆರವನ್ನೂ ಕೊಡಬೇಕು. ಅನುಭವಸ್ಥರು ಮೇಲಿನ ದರ್ಜೆಗೆ ಏರುವುದಕ್ಕೆ ಬೇಕಾದ ವಿಶೇಷ ಶಿಕ್ಷಣಕ್ರಮವು ಆ ದೇಶದಲ್ಲಿ ಈಗಾಗಲೇ ಉಂಟು; ಅದರ ವೆಚ್ಚವನ್ನು ಆಸ್ಪತ್ರೆಗಳೇ ವಹಿಸಲಿ. ಅನುಭವಕ್ಕೆ ಸಲ್ಲುವ ನಿಜವಾದ ಗೌರವವು ಅದೇ. ಕಡಿಮೆ ಸಂಬಳದವರ ಹೆಗಲಿಗೆ ಹೆಚ್ಚಿನ ಹೊಣೆಯನ್ನು ಹೊರಿಸಿ ದಾದಿಯರ ಕೊರತೆಯನ್ನು ಮರೆಮಾಚುವ ಆಡಳಿತವು ಉಳಿಸುವುದು ತನ್ನ ಹಣವನ್ನು; ಪಣಕ್ಕೆ ಒಡ್ಡುವುದು ರೋಗಿಯ ಪ್ರಾಣವನ್ನು.