ಒಣಗಿಸಲು ಜಾಗ ಕೊಡಿ

ಹಂಪಿಯ ಎದುರು ದಡದ ಆನೆಗೊಂದಿಯಲ್ಲಿ ಹೆಂಗಸರು ಬಾಳೆ ನಾರಿನಿಂದ ಹೆಣೆಯುವ ಬುಟ್ಟಿ, ಚೀಲ, ಚಾಪೆಗಳು ಪ್ರವಾಸಿಗರ ಕೈಯಲ್ಲಿ ಸುಲಭವಾಗಿ ದೇಶ ದಾಟುತ್ತವೆ. ಕಂಟೇನರಿನಲ್ಲಿ ಕಡಲು ದಾಟುವುದು ಮಾತ್ರ ಬೇರೆ ಮಾತು. ಅಲ್ಲಿ ಬೂಷ್ಟು ಕಾದು ಕುಳಿತಿರುತ್ತದೆ.

ನಾರು ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಸುತ್ತಲಿನ ಆರ್ದ್ರತೆ ಶೇ 70 ದಾಟಿ ಕೆಲವು ದಿನ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು. ಹಗಲು ಕಾದ ಕಂಟೇನರ್ ರಾತ್ರಿ ತಣಿದಾಗ ಒಳಗಿನ ಆವಿ ತಗಡಿನ ಚಾವಣಿಗೆ ಅಂಟಿ, ಹನಿಗಟ್ಟಿ, ಸರಕಿನ ಮೇಲೇ ಸುರಿಯುತ್ತದೆ. ‘ಕಂಟೇನರ್ ಮಳೆ’ ಎಂದೇ ಇದಕ್ಕೆ ಹೆಸರು. ಈ ಮಳೆಯ ನೀರು ಬಹುಪಾಲು ಹೊರಗಿನದಲ್ಲ; ಅರೆ ಒಣಗಿದ ನಾರು, ಹಸಿ ಮರದ ಹಲಗೆ, ತೇವದ ರಟ್ಟಿನ ಪೆಟ್ಟಿಗೆಗಳೇ ಹೊತ್ತು ತಂದದ್ದು.

ರಾಸಾಯನಿಕದ ಅಡ್ಡದಾರಿ ಮುಚ್ಚಿಯಾಗಿದೆ. ಬೂಷ್ಟು ತಡೆಯಲು ಡೈಮೀಥೈಲ್ ಫ್ಯೂಮರೇಟ್ ಪೊಟ್ಟಣ ಇಟ್ಟ ಸೋಫಾ, ಪಾದರಕ್ಷೆಗಳಿಂದ ಹಲವರ ಚರ್ಮ ಬೆಂದ ಮೇಲೆ, 2009ರಲ್ಲಿ ಯುರೋಪಿಯನ್ ಒಕ್ಕೂಟ ಕಿಲೋಗೆ 0.1 ಮಿಲಿಗ್ರಾಂ ಮೀರಿ ಅದಿರುವ ಸರಕನ್ನೇ ನಿಷೇಧಿಸಿತು.

ಉಳಿದದ್ದು ಸರಿಯಾಗಿ ಒಣಗಿಸುವುದು. ಆದರೆ ಮನೆಯ ಜಗಲಿಯಲ್ಲೇ ಹೆಣೆಯುವವರು ಮಳೆಗಾಲದಲ್ಲಿ ಎಲ್ಲಿ ಒಣಗಿಸಬೇಕು? ಊರಿಗೊಂದು ಸೋಲಾರ್ ಡ್ರೈಯರ್, ತೇವಾಂಶ ಅಳೆಯುವ ಮೀಟರ್, ಕಂಟೇನರಿಗೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ—ಇವೇನು ಸರ್ಕಾರಕ್ಕೆ ಹೊರಲಾರದ ಹೊರೆಯಲ್ಲ. ಕರಕುಶಲ ಮೇಳಗಳ ಶಾಮಿಯಾನ, ಹಾರ ತುರಾಯಿಗೆ ಹೋಗುವ ಹಣದಲ್ಲಿ ಒಂದು ಪಾಲು ಒಣಗಿಸುವ ಕೊಠಡಿಗೆ ಬರಲಿ. ಬೂಷ್ಟು ಹಿಡಿದು ವಾಪಸು ಬಂದ ಸರಕಿನ ನಷ್ಟವನ್ನು ಹೆಣೆದವರ ಕೂಲಿಯಲ್ಲಿ ಮುರಿದುಕೊಳ್ಳುವುದಂತೂ ಸಲ್ಲದು.